ಪರದೆಯ ಹಿಂದಿನ ಮಗ್ಗ

ಹುಳಿತ ಗಂಜಿಯ ವಾಸನೆ ಎಲ್ಲಾದರೂ ಮೂಗಿಗೆ ಬಿದ್ದರೆ ದೊಡ್ಡಬಳ್ಳಾಪುರದ ನಮ್ಮ ಮನೆ ಎದ್ದು ನಿಲ್ಲುತ್ತದೆ. ನೂಲಿಗೆ ಹಚ್ಚುವ ಗಂಜಿ ಅದು. ಪಡಸಾಲೆಯಲ್ಲಿ ಎರಡು ಕುಣಿಮಗ್ಗ. ಕುಣಿಗೆ ಕಾಲಿಳಿಬಿಟ್ಟು ಅಪ್ಪ ಒಂದರಲ್ಲಿ, ಚಿಕ್ಕಪ್ಪ ಇನ್ನೊಂದರಲ್ಲಿ. ಅಂಥ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಉಪ್ಪು ಬೇಕೆಂದರೂ ಮಗ್ಗದ ಸದ್ದಿನ ಮೇಲೆ ಕೂಗಿಯೇ ಕೇಳಬೇಕು.

ಯುದ್ಧದ ಕಾಲ. ನೂಲಿಗೂ ತತ್ವಾರ, ಸೀಮೆಎಣ್ಣೆಗೂ ತತ್ವಾರ. ಆದರೂ ನಮ್ಮ ಬೀದಿಯವರು ನಾಟಕ ಆಡಿಯೇ ತೀರಬೇಕೆಂದು ಹಟ ಹಿಡಿದರು. ದೀಪಕ್ಕೆ ಎಣ್ಣೆಯಿಲ್ಲದಿದ್ದರೆ ಹಗಲಲ್ಲೇ ಆಡೋಣ ಎಂದರು. ಬಡಗಿಗಳು ಸಿಂಹಾಸನ ಮಾಡಿದರು, ಮನೆಗೊಂದು ಹಳೇ ಸೀರೆ ತಂದು ಹೆಂಗಸರು ಪರದೆ ಹೊಲಿದರು. ಹೊಸಕೋಟೆ ಕಡೆಯಿಂದ ಹಾರ್ಮೋನಿಯಂ ಮೇಷ್ಟ್ರು ಬಂದರು. ಅಪ್ಪನಿಗೆ ರಾಜನ ಪಾತ್ರ. ಅವನಿಗೆ ಓದು ಬಾರದು, ಕೆಲಸ ಬಿಡುವ ಹಾಗೂ ಇರಲಿಲ್ಲ. ಮೇಷ್ಟ್ರು ಮಗ್ಗದ ಪಕ್ಕ ಕೂತು ಹೇಳಿಕೊಟ್ಟರು, ಅಪ್ಪ ನೇಯುತ್ತ ನೇಯುತ್ತಲೇ ಎಲ್ಲ ಬಾಯಿಪಾಠ ಮಾಡಿದ.

ಆಟಕ್ಕೆ ಮೂರು ದಿನ ಇರುವಾಗ ಅಭ್ಯಾಸಕ್ಕೆಂದು ಅಪ್ಪನನ್ನು ಬಯಲಿನ ಅಟ್ಟಣೆ ಹತ್ತಿಸಿದರು. ಅಪ್ಪ ಬಾಯಿ ತೆರೆದ, ಮಾತು ಬರಲಿಲ್ಲ. ಕಾಲು ಮಾತ್ರ ಹಲಗೆ ತುಳಿಯುತ್ತಿತ್ತು.

"ಏನಪ್ಪಾ ರಾಜ, ನಿಂತ್ಕಂಡೇ ನೇಯ್ತಿದೀಯಾ?" ಅಂದರು ಮೇಷ್ಟ್ರು. "ದೇವನಹಳ್ಳಿಯಿಂದ ಪಳಗಿದೋನ್ನ ಕರೆಸ್ತೀನಿ. ನೀನು ಬಾಗಿಲು ಕಾಯೋನಾಗು, ಮಾತಿಲ್ಲ."

ಅಪ್ಪ ಮನೆಗೆ ಬಂದು ಮಗ್ಗಕ್ಕಿಳಿದ. ಲಾಳಿ ಓಡಿದ್ದೇ ತಡ, ಒಂದಕ್ಷರ ತಪ್ಪದೆ ಮಾತೆಲ್ಲ ಬಂತು. ಅವ್ವ ಒಳಗಿನಿಂದ ಎದ್ದು ಬಂದಳು.

"ಮೇಷ್ಟ್ರು ಕಲಿಸಿರೋದು ನಿಮ್ಮ ಬಾಯಿಗಲ್ಲ, ಕಾಲಿಗೆ. ಮಗ್ಗನೇ ಅಲ್ಲಿಗೆ ಹೊರೋಣ, ನಾನು ನೇಯ್ತೀನಿ."

"ನಗ್ತಾರೆ ಕಣೇ."

"ಈಗೇನು ಅಳ್ತಾವ್ರಾ?"

ಹೆಂಗಸು ರಂಗ ಹತ್ತಬಾರದೆಂದು ಹಿರಿಯರು ತಡೆದರು. "ಹತ್ತಲ್ಲ ಕಣಣ್ಣಾ, ಕುಣಿಗೆ ಇಳೀತೀನಿ," ಅಂದವಳೇ ಗುದ್ದಲಿ ತಗೊಂಡು ಪರದೆಯ ಹಿಂದೆ ತಾನೇ ಕುಣಿ ತೋಡಿದಳು. ಅರ್ಧ ನೇಯ್ದ ಸೀರೆಯ ಸಮೇತ ಮಗ್ಗ ಅಲ್ಲಿ ಕೂತಿತು. ಅದರ ಸದ್ದಿಗೆ ಅಪ್ಪನ ಮಾತು ಹರಿದದ್ದು ಕೇಳಿ ಮೇಷ್ಟ್ರು ದೇವನಹಳ್ಳಿಯವನನ್ನು ಕರೆಸುವುದನ್ನು ಬಿಟ್ಟರು.

ಆಟದ ದಿನ ಅವ್ವ ನೇಯ್ದಳು, ಅಪ್ಪ ಮಾತಾಡಿದ. ರಾಜನಿಗೆ ಸಿಟ್ಟು ಬಂದಾಗ ಅವಳು ಜೋರಾಗಿ ಬಡಿದಳು, ಮಗ ಸತ್ತು ಅವನು ಅಳುವಾಗ ಮೆಲ್ಲಗೆ. ನಡುವೆ ಎಳೆ ತುಂಡಾಯಿತು. ಮಗ್ಗ ನಿಂತಿತು, ರಾಜನೂ ನಿಂತ. ಅವ್ವ ಗಂಟು ಹಾಕುವವರೆಗೆ ಜನ ಉಸಿರು ಹಿಡಿದು ಕಾದರು. "ದುಃಖ ತಡ್ಕಂತಾವ್ನೆ, ಪಾಪ," ಎಂದಳು ಯಾರೋ ಮುದುಕಿ. ಕೊನೆಗೆ ಮೇಷ್ಟ್ರು ಎದ್ದು ಬಂದು ಅಪ್ಪನಿಗೆ ಕೈ ಮುಗಿದರು. ಪರದೆಯ ಹಿಂದಕ್ಕೆ ಬರಲಿಲ್ಲ.

ಆ ಸೀರೆಯನ್ನು ಯಾವ ಸಾಹುಕಾರನೂ ಕೊಳ್ಳಲಿಲ್ಲ. ಸಿಟ್ಟಿನ ಕಡೆ ಗೋಣಿಯಂತೆ ದಪ್ಪ, ಅಳುವಿನ ಕಡೆ ಜಾಳು. ಅವ್ವನೇ ಉಟ್ಟಳು. ಅಪ್ಪ ಹೋದ, ಮನೆ ಹೋಯಿತು, ಬೀದಿಗೆ ಕರೆಂಟಿನ ಮಗ್ಗಗಳು ಬಂದವು. ಅವಳು ಉಡುತ್ತಲೇ ಇದ್ದಳು. ಅಳುವಿನ ಕಡೆ ಮೊದಲು ಹರಿಯಿತು. ಅಷ್ಟನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಜೋಡಿಸಿ ಹೊಲಿದು, ಮತ್ತೆ ಉಟ್ಟಳು.