ಒಂದೇ ಚೀಲದ ಹಿಟ್ಟು

ನಮ್ಮವ್ವನ ಹೊಟ್ಟೆಯೊಳಗೆ ದೊಡ್ಡ ರಕ್ತನಾಳ ಬಲೂನಿನಂತೆ ಉಬ್ಬಿತ್ತು. ಎಪ್ಪತ್ತರ ದಶಕದ ಮುಂಬಯಿಯಲ್ಲಿ ಡಾಕ್ಟರು ಅಲ್ಲಿ ಬಟ್ಟೆಯ ಕೊಳವೆ ಹೊಲಿದು ಆಕೆಯನ್ನು ಬದುಕಿಸಿಕೊಟ್ಟರು. ಬಿಜಾಪುರದ ಕಡೆಯಿಂದ ಬಂದು ಬಟ್ಟೆ ಮಿಲ್ಲಿನಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ಅದೇ ದೊಡ್ಡ ಹೆಮ್ಮೆ. "ಮಿಲ್ಲಿನ ಅರಿವಿ ಅಂದ್ರ ಏನ ತಿಳದೀರಿ? ಸಾಯೂತನಕ ಬಾಳಿಕಿ ಬರತದ" ಎಂದು ಬೈಕುಲ್ಲಾದ ನಮ್ಮ ಚಾಳಿನ ಮನೆಮನೆಗೂ ಸಾರಿಕೊಂಡು ಬಂದ. ಆ ಅರಿವೆ ಯಾವ ಮಿಲ್ಲಿನದೋ ದೇವರೇ ಬಲ್ಲ.

ಮನೆಗೆ ಕಳಿಸುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಹೊಲಿಗೆ ಗಟ್ಟಿಯಾಗಿದೆ, ಆದರೆ ಉಳಿದ ರಕ್ತನಾಳಗಳು ಹಳೆಯವೇ. ಲಕ್ವಾ ಹೊಡೆಯುವ ಭಯ ವರ್ಷಗಟ್ಟಲೆ ಇರುತ್ತದೆ. ಬಿಪಿ ಗುಳಿಗೆ ಬಿಡಬಾರದು, ತಂಬಾಕು ಮುಟ್ಟಬಾರದು, ಕೈಕಾಲು ಸೋತರೆ ಕೂಡಲೇ ಕರೆತರಬೇಕು. ಅವ್ವ ತಂಬಾಕು ಬಿಟ್ಟಳು. ಭಯವನ್ನು ಮಾತ್ರ, ಗಾಯ ಮಾಗಿದ ಮೇಲೆ, ನಾವೆಲ್ಲ ಮರೆತೇಬಿಟ್ಟೆವು.

ಒಂದೆರಡು ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ಅವ್ವ ಬಡಿಯುತ್ತಿದ್ದ ಜೋಳದ ರೊಟ್ಟಿಗಳೆಲ್ಲ ಅಂಚಿನಲ್ಲಿ ಹರಿಯತೊಡಗಿದವು. "ಹಿಟ್ಟು ಹಳೇದದ, ಜಿಗಿನ ಇಲ್ಲ" ಎಂದಳು. ಜೋಳ ಉಣ್ಣುವವರಿಗೆ ಇದಕ್ಕಿಂತ ನಂಬುವಂಥ ಕಾರಣ ಬೇರೆ ಇಲ್ಲ. ಅಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಹಿಟ್ಟಿನ ಗಿರಣಿಯವನು ಹಳೆಯ ಹಿಟ್ಟು ಬೆರೆಸಿದ್ದಾನೆಂದು ಕೂಗಾಡುತ್ತ, ಜಗಳಕ್ಕೆ ಚಪ್ಪಲಿ ಮೆಟ್ಟಿದ.

ಆ ಕೂಗಿಗೆ ಪಕ್ಕದ ಖೋಲಿಯ ಮರಾಠಿ ಮಾವಶಿ ಬಂದಳು. ಆಕೆಯೂ ಅವ್ವನೂ ಸೇರಿ ಒಂದೇ ಚೀಲ ಜೋಳ ಕೊಂಡು, ಒಟ್ಟಿಗೆ ಬೀಸಿಸಿ, ಹಿಟ್ಟು ಹಂಚಿಕೊಳ್ಳುತ್ತಿದ್ದರು. ಮಾವಶಿ ಹರಿದ ರೊಟ್ಟಿ ಎತ್ತಿ ನೋಡಿದಳು.

"ಹಿಟ್ಟು ಚಾಂಗ್ಲ, ಛಲೋ ಅದ. ನನ್ನ ಭಾಕರಿ ಗೋಲ ಬಂತು ನಾ" ಎಂದು ತನ್ನ ಅರೆಬರೆ ಕನ್ನಡದಲ್ಲಿ ಹೇಳಿ, ಅವ್ವನ ಎರಡೂ ಕೈ ಹಿಡಿದು, ಒತ್ತು ಎಂದಳು. ಬಲಗೈ ಒತ್ತಿತು. ರೊಟ್ಟಿ ತಿರುಗಿಸುವ ಎಡಗೈ ಸುಮ್ಮನೆ ಬಿದ್ದಿತ್ತು.

ಅಪ್ಪ ಚಪ್ಪಲಿ ಮೆಟ್ಟಿಯೇ ಇದ್ದ. ಗಿರಣಿಯ ಜಗಳ ಬಿಟ್ಟು ಟ್ಯಾಕ್ಸಿಗೆ ಓಡಿದ.

ಇದು ಲಕ್ವಾದ ಮುನ್ಸೂಚನೆ, ಹೊತ್ತಿಗೆ ಬಂದಿರಿ ಎಂದು ಡಾಕ್ಟರು ಗುಳಿಗೆ ಬದಲಿಸಿದರು. ಸಂಜೆಗೆ ಕೈ ಹಿಡಿತಕ್ಕೆ ಬಂತು. ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು. ಆಮೇಲೆ ಎಷ್ಟೋ ವರ್ಷ ಅವ್ವನ ಕೈಯ ರೊಟ್ಟಿ ಉಂಡೆ. ಮಾವಶಿ ಎಂಬ ಆ ಪುಣ್ಯಾತ್ಗಿತ್ತಿಯ ಋಣ ನಮ್ಮ ಮನೆ ತೀರಿಸಲಾರದು.

ಅಂದಿನಿಂದ ಮೊದಲ ರೊಟ್ಟಿ ಮಾವಶಿಗೇ ಹೋಗುತ್ತಿತ್ತು. ಆಕೆ ಅಂಚಿನ ಸುತ್ತ ಬೆರಳಾಡಿಸಿ, ಗೋಲ ಎಂದ ಮೇಲೆಯೇ ಮುರಿಯುತ್ತಿದ್ದಳು. ಮುಂದೆ ಆಕೆ ಮಗನ ಜೊತೆ ಕಾಂದಿವಲಿಗೆ ಹೋದಾಗ, ಅವ್ವ ರವಿವಾರ ರೊಟ್ಟಿ ಕಟ್ಟಿಕೊಂಡು, ದಾದರಿನಲ್ಲಿ ಲೋಕಲ್ ಬದಲಿಸಿ, ಅಲ್ಲಿಗೂ ಹೊರಟಳು.

"ಕಾಂದಿವಲಿಯೊಳಗ ಜೋಳ ಸಿಗೂದಿಲ್ಲೇನ?" ಅಪ್ಪ ಕೆಣಕಿದ.

"ತಿನ್ನಲಿ ಅಂತಲ್ಲ, ನೋಡಲಿ ಅಂತ. ಆಕಿ ಗೋಲ ಅದ ಅಂದ್ರನ ಈ ಕೈ ನಂದು ಅನಸ್ತದ."

ಅಪ್ಪ ಚಪ್ಪಲಿ ಮೆಟ್ಟಿ, ಅವ್ವನ ಕೈಯಿಂದ ರೊಟ್ಟಿಯ ಗಂಟು ಇಸಿದುಕೊಂಡು ಮುಂದೆ ನಡೆದ.