ಇಲ್ಲದ ಕಂಬಳಿಗೆ ಬಂದ ಆರ್ಡರ್

ನಮ್ಮ ಕಂಬಳಿ ಅಂಗಡಿಗೆ ಬಾಗಿಲೂ ಇಲ್ಲ, ಬೋರ್ಡೂ ಇಲ್ಲ. ಅಂಗಡಿ ಇರುವುದು ಫೋನಿನಲ್ಲಿ, ಸರಕು ಇರುವುದು ಚಿತ್ರದುರ್ಗದ ನಮ್ಮ ಮನೆಯ ಬೀರುವಿನಲ್ಲಿ. ಹಳ್ಳಿಯ ಮಗ್ಗಗಳಿಂದ ಕಂಬಳಿ ಆರಿಸಿ ತರುವವರು ನನ್ನ ಅತ್ತೆ. ಫೋಟೊ ತೆಗೆದು ಆನ್‌ಲೈನಿಗೆ ಹಾಕುವವಳು ನಾನು. ಪಾರ್ಸೆಲ್ಲನ್ನು ತಮ್ಮ ಲಗೇಜ್ ಆಟೊದಲ್ಲಿ ಒಯ್ದು ಕೊರಿಯರ್‌ಗೆ ಕೊಡುವವರು ನಮ್ಮ ಯಜಮಾನರು. ಕೆಲವು ವರ್ಷಗಳಿಂದ ಹೀಗೇ ನಡೆದಿತ್ತು.

ನಡೆದಿತ್ತು ಅಂದೆ, ಓಡಿತ್ತು ಅನ್ನಲಿಲ್ಲ. ಆಗ ನಮ್ಮ ಅಂಗಡಿಯಿದ್ದ ಹಳೆಯ ಪ್ಲಾಟ್‌ಫಾರಂನಲ್ಲಿ ಒಂದು ಪುಟ ತೆರೆಯುವಷ್ಟರಲ್ಲಿ ಗಿರಾಕಿ ಎದ್ದು ಹೋಗಿ ಟೀ ಕುಡಿದು ಬರಬಹುದಿತ್ತು. ದುಡ್ಡು ಕಟ್ಟುವ ಅನುಕೂಲವೇ ಅದರಲ್ಲಿರಲಿಲ್ಲ. ಆರ್ಡರ್ ಎಂದರೆ ಬರೀ ಒಂದು ಮೆಸೇಜ್. ನಾವು ಫೋನ್ ಮಾಡಿ ಮಾತಾಡಿ, ಆಮೇಲೆ ದುಡ್ಡು ಹಾಕಿಸಿಕೊಂಡು ಕಳಿಸಬೇಕು. ಅತ್ತೆಗೆ ಅದೇ ಪ್ರಾಣ. ಹಿರಿಯೂರಿನ ಗಿರಾಕಿ ಸಿಕ್ಕರೆ ಮಳೆ ಹೆಂಗೈತೆ, ತೆಂಗು ಹೆಂಗೈತೆ ಎಂದು ಎಲ್ಲ ಸುತ್ತಿ ಕೊನೆಗೆ ಕಂಬಳಿಗೆ ಬರುತ್ತಿದ್ದರು. ನನಗೋ ಮೈಯೆಲ್ಲ ಉರಿ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಒಂದು ದಿನ ಪುಟ ತೆರೆಯದೆ ಗಿರ್ರನೆ ತಿರುಗುತ್ತಲೇ ಇದ್ದಾಗ ಫೋನನ್ನು ಹಾಸಿಗೆಯ ಮೇಲೆ ಎಸೆದು, "ಈ ಡಬ್ಬಾ ಅಂಗಡಿ ಸಾಕು. ಹೊಸ ಪ್ಲಾಟ್‌ಫಾರಂಗೆ ಹೋಗಾಣ" ಎಂದೆ.

"ಹಳೇ ಗಿರಾಕಿಗಳು ದಾರಿ ತಪ್ಪಲ್ವೇನೇ?" ಎಂದರು ಅತ್ತೆ.

"ತಪ್ಪಲ್ಲ ಅತ್ತೆ. ಹಳೇ ವಿಳಾಸ ಒತ್ತಿದ್ರೂ ಹೊಸ ಅಂಗಡಿನೇ ತೆಗೀತೈತೆ."

"ಹಂಗಾದ್ರೆ ನಡಿ" ಎಂದುಬಿಟ್ಟರು. ಅಷ್ಟು ಬೇಗ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ.

ಅಬ್ಬಬ್ಬಾ, ಆ ವಾರ! ಅಡುಗೆ ಯಾರು ಮಾಡಿದರು, ಏನು ಉಂಡೆವು ಒಂದೂ ನೆನಪಿಲ್ಲ. ಬೀರುವಿನಲ್ಲಿದ್ದ ಕಂಬಳಿಗಳನ್ನೆಲ್ಲ ಮಹಡಿಗೆ ಹೊತ್ತು ಹೊಸದಾಗಿ ಫೋಟೊ ತೆಗೆದೆ. ಅತ್ತೆ ಒಂದೊಂದನ್ನೂ ಕೊಡವಿ, ಮಡಿಕೆ ಸರಿಮಾಡಿ, "ಈ ಅಂಚು ಕಾಣ್ಬೇಕು, ಈ ಕಡೆಯಿಂದ ಹೊಡಿ" ಎಂದು ನನ್ನನ್ನು ಮೊಣಕಾಲ ಮೇಲೆ ಕೂರಿಸಿದರು. ಜೋಗಿಮಟ್ಟಿ ಕಡೆಯಿಂದ ಮೋಡ ಬಂದು ಬೆಳಕು ಹೋದರೆ ಮೋಡವನ್ನೇ ಬೈದರು. ಕೊನೆಗೆ ಸರಕಿನ ಹೆಸರು, ಬೆಲೆ, ಯಾವುದು ಎಷ್ಟಿದೆ ಎಂಬ ಲೆಕ್ಕ ಎಲ್ಲವೂ ಒಂದೇ ಫೈಲಾಗಿ ಹಳೆಯ ಅಂಗಡಿಯಿಂದ ಇಳಿದು ಹೊಸದಕ್ಕೆ ಏರಿತು. ಪುಟ ಒತ್ತಿದರೆ ಫಟ್ಟನೆ ತೆರೆಯುತ್ತದೆ! ನಾನು ಕುಣಿದದ್ದಕ್ಕೆ ಕೆಳಗಿನ ಮನೆಯವರು ಏನಾಯಿತೆಂದು ಕೇಳಿಕೊಂಡು ಬಂದರು.

ಬುಧವಾರ ಬೆಳಿಗ್ಗೆ ಪೂಜೆ ಮಾಡಿ, ಫೋನಿಗೂ ಕುಂಕುಮ ಇಟ್ಟು ಅಂಗಡಿ ತೆರೆದೆವು. ಮಧ್ಯಾಹ್ನದೊಳಗೆ ಟಿಂಗ್ ಎಂದಿತು. ಆರ್ಡರ್! ಹೊಳಲ್ಕೆರೆಯಿಂದ, ಬಿಳಿ ಅಂಚಿನ ದೊಡ್ಡ ಕರಿ ಕಂಬಳಿ. ದುಡ್ಡೂ ಬಂದಾಗಿತ್ತು. ಕೆಳಗೆ ಒಂದು ಸಾಲು: "ಮಗಳ ಮದುವೆ. ಶನಿವಾರ ಸಂಜೆ ಗದ್ದುಗೆಗೆ ಹಾಸಬೇಕು, ದಯವಿಟ್ಟು ತಪ್ಪಿಸಬೇಡಿ." ಮದುವೆಯಲ್ಲಿ ಹೆಣ್ಣು ಗಂಡನ್ನು ಕೂರಿಸುವ ಗದ್ದುಗೆಗೆ ಯಾರೂ ಬಳಸದ ಹೊಸ ಕಂಬಳಿಯೇ ಆಗಬೇಕು. ಮೊದಲ ಆರ್ಡರೇ ಮದುವೆಯದು ಎಂದು ನನ್ನ ಕಣ್ಣಲ್ಲಿ ನೀರೇ ಬಂತು. ಓಡಿಹೋಗಿ ಬೀರು ತೆಗೆದೆ.

ಬೀರುವಿನಲ್ಲಿ ಕರಿ ಕಂಬಳಿ ಇರಲಿಲ್ಲ.

"ಅತ್ತೇ, ಬಿಳಿ ಅಂಚಿಂದು ಎಲ್ಲೈತೆ?"

"ಅದು ಹೆಚ್ಚಾಗೈತಲ್ಲೇ, ಹೋದ ತಿಂಗ್ಳೇ" ಎಂದರು, ತಣ್ಣಗೆ.

ನಮ್ಮ ಮನೆಯಲ್ಲಿ ಅಕ್ಕಿ ಮುಗಿಯಿತು ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಹೆಚ್ಚಾಗಿದೆ ಎನ್ನುತ್ತೇವೆ. ಅರಿಶಿನ ಕುಂಕುಮಕ್ಕೂ ಅದೇ ಮಾತು. 'ಇಲ್ಲ' ಎಂದರೆ ಇಲ್ಲವೇ ಆಗಿಬಿಡುತ್ತದೆ ಎಂಬ ಅಂಜಿಕೆ. ಹಳೆಯ ಅಂಗಡಿಯಲ್ಲಿ ಸರಕಿನ ಲೆಕ್ಕ ಅತ್ತೆಯ ಕೈಯಲ್ಲಿತ್ತು. ಒಂದು ಮಾರಿದರೆ ಒಂದು ಕಳೆಯಬೇಕು ಎಂದು ನಾನೇ ಒತ್ತುವುದನ್ನು ಕಲಿಸಿದ್ದೆ. ಅವರು ಚಾಚೂ ತಪ್ಪದೆ ಕಳೆಯುತ್ತಿದ್ದರು, ಒಂದು ಉಳಿಯುವವರೆಗೆ. ಆ ಕೊನೆಯದನ್ನು ಮಾತ್ರ ಕಳೆಯುತ್ತಿರಲಿಲ್ಲ. ಸೊನ್ನೆ ಬಂದರೆ ಅಂಗಡಿ ಊರಿಗೆಲ್ಲ 'ಇಲ್ಲ' ಎಂದು ಸಾರುತ್ತದಲ್ಲ! ಹಳೆಯದರಲ್ಲಿ ಇದರಿಂದ ತೊಂದರೆಯಾಗಿರಲಿಲ್ಲ. ದುಡ್ಡು ತೆಗೆದುಕೊಳ್ಳುವ ಮೊದಲೇ ಅತ್ತೆ ಫೋನ್ ಮಾಡಿ, "ಅದು ಹೆಚ್ಚಾಗೈತೆ, ಹೊಸ್ದು ನೇಯಿಸ್ತೀವಿ, ತಡೀರಿ" ಎನ್ನುತ್ತಿದ್ದರು. ಆ ಕಳೆಯದ ಒಂದು, ಹಳೆಯ ಫೋಟೊ ಸಮೇತ, ಫೈಲಿನ ಜೊತೆ ಹೊಸ ಅಂಗಡಿಗೂ ಏರಿಬಿಟ್ಟಿತ್ತು. ಹೊಸ ಅಂಗಡಿ ಯಾರನ್ನೂ ಕೇಳುವುದಿಲ್ಲ. ಒಂದಿದೆ ಎಂದು ಬರೆದಿದ್ದರೆ ಒಂದನ್ನು ಮಾರಿ, ದುಡ್ಡು ಎಣಿಸಿಕೊಂಡು, ಶನಿವಾರದೊಳಗೆ ತಲುಪುತ್ತದೆ ಎಂದು ತಾನೇ ಮಾತು ಕೊಟ್ಟುಬಿಡುತ್ತದೆ.

ನಾನು ಬಾಯಿಗೆ ಬಂದಂತೆ ಕೂಗಾಡಿದೆ. "ಮೊದಲ ದಿನಾನೇ ಮರ್ಯಾದೆ ಹೋಯ್ತಲ್ರಿ! ಮದುವೆ ಮನೆಯೋರಿಗೆ ಏನಂತ ಹೇಳ್ಲಿ?" ನಿಜ ಹೇಳಿಬಿಡೋಣ, ಬೇರೆ ಕಡೆ ಹುಡುಕಿಕೊಳ್ಳಲಿ ಎಂದು ಆರ್ಡರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಸಂಜೆಯೂ ಮಾಡಿದೆ. ಮದುವೆ ಮನೆಯ ಗಲಾಟೆ, ಫೋನು ಯಾವ ಮೂಲೆಯಲ್ಲಿ ಬಿದ್ದಿದೆಯೋ ಎಂದುಕೊಂಡೆ. ಕೊನೆಗೆ ಆರ್ಡರ್ ರದ್ದು ಮಾಡುವ ಗುಂಡಿಯ ಮೇಲೆ ಬೆರಳಿಟ್ಟಾಗ ಅತ್ತೆ ನನ್ನ ಕೈ ಹಿಡಿದುಕೊಂಡರು.

"ಒತ್ಬೇಡ ಕಣೇ. ಮದುವೆ ಮನೆ. ಅಂಥದೇ ಒಂದು ಮಗ್ಗದ ಮೇಲೈತೆ, ಬೆಳಿಗ್ಗೆ ಹೋಗಿ ನೋಡ್ಕಂಡು ಬರಾಣ."

"ಅವ್ರು ಫೋನ್ ಎತ್ತಿದ ತಕ್ಷಣ ನಾನು ಹೇಳೋಳೇ" ಎಂದೆ. "ಹೇಳು" ಎಂದರು.

ಮಗ್ಗವಿದ್ದದ್ದು ಹಿರೇಗುಂಟನೂರಿನ ಆಚೆಯ ಹಳ್ಳಿಯಲ್ಲಿ. ಕಂಬಳಿ ಅರ್ಧಕ್ಕಿಂತ ಹೆಚ್ಚು ನೇಯ್ದಾಗಿತ್ತು. ನೇಯುತ್ತಿದ್ದ ಅಣ್ಣ ಕೈ ನಿಲ್ಲಿಸದೆ ಹೇಳಿದ: "ನಾಳೆ ಸಂಜಿಕೆ ಇಳಿಸ್ತೀನಿ ಕಣವ್ವ. ಆದ್ರೆ ನೀರಿಗಾಕಿ ತುಳೀಬೇಕು, ಇಲ್ದಿದ್ರೆ ನೂಲು ಬಿಗಿ ಆಗಲ್ಲ. ಆಮೇಲೆ ಒಣಗ್ಬೇಕು. ಮೇಲೆ ನೋಡು, ಮೋಡ ಹೆಂಗೈತೆ."

ಆ ಎರಡು ದಿನ ನಾನು ನೋಡಿದಷ್ಟು ಆಕಾಶವನ್ನು ಯಾವ ರೈತನೂ ನೋಡಿರಲಿಕ್ಕಿಲ್ಲ. ನಡುನಡುವೆ ಹೊಳಲ್ಕೆರೆಗೆ ಫೋನ್ ಮಾಡುತ್ತಲೇ ಇದ್ದೆ. ಅದು ಬಾಯಿ ಬಡಿದುಕೊಂಡು ಸುಮ್ಮನಾಗುತ್ತಿತ್ತು. ಈ ನಡುವೆ ಹೊಸದುರ್ಗದಿಂದ ಎರಡು ಆರ್ಡರ್ ಬಂದವು, ಆ ಕಂಬಳಿಗಳು ಪುಣ್ಯಕ್ಕೆ ಬೀರುವಿನಲ್ಲೇ ಇದ್ದವು. ಆದರೂ ಖುಷಿ ಪಡಲು ಮನಸ್ಸಾಗಲಿಲ್ಲ.

ಶನಿವಾರ ನಾವು ಮೂವರೂ ಆಟೊದಲ್ಲಿ ಹಳ್ಳಿಗೆ ಹೋದಾಗ ಕಂಬಳಿ ಸಿದ್ಧವಾಗಿತ್ತು. ಎಷ್ಟು ಚೆಂದ! ಕಾರೆಳ್ಳಿನ ಬಣ್ಣ, ಅಂಚಿನಲ್ಲಿ ಬಿಳಿ ಗೆರೆ. ಆದರೆ ತೊಪ್ಪೆಯಾಗಿ ಒದ್ದೆ. ಬಿಸಿಲು ಬಂದದ್ದೇ ಮಧ್ಯಾಹ್ನ. ಊಟದ ಹೊತ್ತು ಮೀರಿದರೂ ಮುಟ್ಟಿದರೆ ಕೈಗೆ ತಣ್ಣಗೆ ಹತ್ತುತ್ತಿತ್ತು. ಒದ್ದೆ ಕಂಬಳಿ ಗದ್ದುಗೆಗೆ ಹಾಸುವುದು ಹೇಗೆ?

ಆಗ ಬಾಯಿ ಬಿಟ್ಟವರು ಯಜಮಾನರು. "ಹಿಂದೆ ಹತ್ತಿ ಇಬ್ರೂ ಬಿಚ್ಚಿ ಹಿಡ್ಕಳ್ರಿ. ನಾನು ಓಡಿಸ್ತೀನಿ. ಗಾಳಿಗೆ ಒಣಗ್ತೈತೆ."

ಹತ್ತಿದೆವು! ಕ್ಯಾಬಿನ್ನಿಗೆ ಬೆನ್ನು ಕೊಟ್ಟು ಆ ಕೊನೆಯನ್ನು ಅತ್ತೆ, ಈ ಕೊನೆಯನ್ನು ನಾನು ಹಿಡಿದು ಕೂತೆವು. ಆಟೊ ರಸ್ತೆಗೆ ಬಿದ್ದದ್ದೇ ತಡ ಕಂಬಳಿ ಪಟಪಟನೆ ಹೊಡೆದುಕೊಳ್ಳತೊಡಗಿತು. ತೋಳು ಕಿತ್ತುಬರುವಷ್ಟು ಭಾರ. ಅತ್ತೆಯ ಸೆರಗು ಹಾರಿ ಅವರದೇ ಮುಖಕ್ಕೆ ಸುತ್ತಿಕೊಂಡಿತು, ಬಿಡಿಸಿಕೊಳ್ಳಲು ಕೈಯಿಲ್ಲ. ಕುರಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ, "ಏನಜ್ಜೀ, ಎಲ್ಲಿಗೆ ಮೆರವಣಿಗೆ?" ಎಂದು ಕೂಗಿದ. "ಮದುವೆಗೆ ಕಣಪ್ಪೋ! ನೀನೂ ಬಾರಪ್ಪ!" ಎಂದು ಅತ್ತೆ ಸೆರಗಿನೊಳಗಿಂದಲೇ ಕೂಗಿದರು. ನನಗೆ ನಗು ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಳ್ಳೋಣವೆಂದರೆ ನನಗೂ ಕೈಯಿಲ್ಲ. ಮೂರು ದಿನದಿಂದ ಅತ್ತೆಯ ಜೊತೆ ಸರಿಯಾಗಿ ಮಾತಾಡಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು. ಹೊಳಲ್ಕೆರೆ ಹತ್ತಿರ ಬರುವಷ್ಟರಲ್ಲಿ ಕಂಬಳಿ ಗರಿಗರಿಯಾಗಿ ಒಣಗಿತ್ತು.

ಮನೆ ಹುಡುಕುವುದು ಕಷ್ಟವಾಗಲಿಲ್ಲ, ಚಪ್ಪರವೇ ಕರೆಯುತ್ತಿತ್ತು. ಆರ್ಡರ್ ಮಾಡಿದ್ದ ಹೆಂಗಸು, ಹುಡುಗಿಯ ತಾಯಿ, ಹೊರಗೆ ಬಂದು ಕಂಬಳಿ ನೋಡಿ ಅಲ್ಲೇ ನಿಂತುಬಿಟ್ಟರು. ಅತ್ತೆ ಮುಚ್ಚುಮರೆ ಮಾಡಲಿಲ್ಲ.

"ನೀವು ದುಡ್ಡು ಕಟ್ಟಿದಾಗ ಇದು ಮಗ್ಗದ ಮೇಲಿತ್ತು ಕಣ್ರವ್ವ. ತಪ್ಪು ನಂದು. ನನ್ನ ಸೊಸೆ ಹೇಳ್ಬೇಕಂತ ಎಷ್ಟು ಸಲ ಫೋನ್ ಮಾಡಿದ್ಲು, ನೀವು ಎತ್ಲಿಲ್ಲ."

ಆಕೆ ಕಂಬಳಿಯ ಮೇಲೆ ಕೈಯಾಡಿಸುತ್ತ ಹೇಳಿದರು: "ಫೋನು ನನ್ನ ಕೈಯಲ್ಲೇ ಇತ್ತಮ್ಮ. ನಿಮಗಿಂತ ಮುಂಚೆ ಎರಡು ಕಡೆ ದುಡ್ಡು ಕಟ್ಟಿದ್ದೆ. ಇಬ್ರೂ ಮಾರನೇ ದಿನ ಫೋನ್ ಮಾಡಿ ಇಲ್ಲ ಅಂದ್ರು. ನಿಮ್ಮ ನಂಬರ್ ಬಂದಾಗೆಲ್ಲ ಎದೆ ಡವ ಡವ ಅಂತಿತ್ತು. ಎತ್ತಿದ್ರೆ ತಾನೆ ಇಲ್ಲ ಅನ್ನೋದು ಅಂತ ಸುಮ್ನೆ ಕುಂತೆ."

ಒಂದೇ ಒಂದು ಸಲ ಅವರು ಎತ್ತಿದ್ದರೂ ನಾನು ಆ ಮಾತು ಹೇಳಿ, ದುಡ್ಡು ವಾಪಸು ಹಾಕಿ, ಕೈತೊಳೆದುಕೊಂಡು ಬಿಡುತ್ತಿದ್ದೆ.

"ಹಾಸ್ರಿ ಹಾಸ್ರಿ, ಹೊತ್ತಾಗ್ತೈತೆ" ಎಂದರು ಅತ್ತೆ. ಒಂದು ಕಡೆ ಹುಡುಗಿಯ ತಾಯಿ ಹಿಡಿದರು, ಇನ್ನೊಂದು ಕಡೆ ನಾನು ಹಿಡಿದೆ.