ಅಣಬೆಗಳ ಮೇಲೆ ತಾವರೆ

ಅಣ್ಣ ಚಿತ್ರ ಬರೆಯಲು ಶುರುಮಾಡಿದಾಗ ಅವನಿಗೆ ನಲವತ್ತೊಂದು ವರ್ಷ. ಅದಕ್ಕೂ ಮೊದಲು ಅವನ ಕೈಯಲ್ಲಿ ನಾನು ಕುಂಚ ನೋಡಿದವಳಲ್ಲ. ಹದಿನೆಂಟು ವರ್ಷ ಅವನು ಮುಂಬಯಿ ಹತ್ತಿರದ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಬಟ್ಟೆಗೆ ಹಾಕುವ ಬಣ್ಣದ ಪುಡಿ ತಯಾರಿಸುತ್ತಿದ್ದ, ಅದರಲ್ಲೂ ನೀಲಿ. ಎಷ್ಟು ಉಜ್ಜಿ ಸ್ನಾನ ಮಾಡಿದರೂ ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ ನೀಲಿ ಉಳಿಯುತ್ತಿತ್ತು. ಅಮ್ಮ ಅವನ ತಲೆದಿಂಬಿನ ಚೀಲವನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಆಮೇಲೆ ಕೆಮ್ಮು ಬಂತು. ಒಂದು ಮಳೆಗಾಲ ಜ್ವರ ಏರಿ ಹದಿನೈದು ದಿನ ಕಲ್ಯಾಣದ ಆಸ್ಪತ್ರೆಯಲ್ಲಿ ಮಲಗಿದ. ಮನೆಗೆ ಕಳಿಸುವಾಗ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಇನ್ನು ಪುಡಿಯ ಹತ್ತಿರ ಹೋಗಬೇಡಿ" ಎಂದರು. ಅಣ್ಣ ತಲೆಯಾಡಿಸಿದ. ಅಲ್ಲಿಗೆ ಅವನ ನೌಕರಿ ಮುಗಿಯಿತು.

ಠಾಕುರ್ಲಿಯಲ್ಲಿ ನೆಲಮಹಡಿಯ ಒಂದು ಕೋಣೆ, ಒಂದು ಅಡುಗೆಮನೆ, ಅದರಲ್ಲಿ ನಾವು ಮೂವರು: ಅಮ್ಮ, ಅಣ್ಣ, ನಾನು. ಅಪ್ಪ ಉಡುಪಿ ಕಡೆಯಿಂದ ಬಂದು ಕಲ್ಯಾಣದಲ್ಲಿ ಸಣ್ಣ ಹೋಟೆಲು ನಡೆಸಿದವರು, ತೀರಿಕೊಂಡು ಹತ್ತು ವರ್ಷವಾಗಿತ್ತು. ಅಣ್ಣನಿಗೂ ಮದುವೆಯಾಗಲಿಲ್ಲ, ನನಗೂ ಆಗಲಿಲ್ಲ. ಯಾಕೆ ಎಂದು ಕೇಳಿದರೆ ದೊಡ್ಡ ಕಾರಣವೇನೂ ಇಲ್ಲ, ದಿನ ಹೋಯಿತು. ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಮನೆಯವರ ಬಾಯಲ್ಲಿ ಬರುವುದನ್ನೆಲ್ಲ ನಾನೇ ಕನ್ನಡಕ್ಕೆ ತಂದಿದ್ದೇನೆ.

ನಾನು ಮುಂಬಯಿಯ ಫೋರ್ಟಿನ ಒಂದು ಕಚೇರಿಯಲ್ಲಿ ಟೈಪಿಸ್ಟ್. ಬೆಳಿಗ್ಗೆ ಏಳೂಕಾಲಕ್ಕೆ ಮನೆ ಬಿಟ್ಟರೆ ಸಂಜೆ ಏಳೂವರೆಗೆ ವಾಪಸ್ಸು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಂಬ ಹಿಡಿದು, ನಿಂತಲ್ಲೇ ನಿದ್ದೆ ಮಾಡುವುದನ್ನು ಆ ವರ್ಷಗಳಲ್ಲಿ ಕಲಿತೆ. ವಾಪಸ್ಸು ಬರುವಾಗ, ನಮ್ಮ ಸ್ಟೇಷನ್ನಿಗೆ ಸ್ವಲ್ಪ ಮೊದಲು, ಮುಂಬ್ರಾ ಬಂದಾಗ ಕಣ್ಣು ತಾನಾಗಿ ತೆರೆಯುತ್ತಿತ್ತು. ಮನೆಗೆ ಬಂದ ಮೇಲೆ ಯಾರೂ ನನ್ನನ್ನು ಮಾತಾಡಿಸದಿದ್ದರೆ ಸಾಕು ಅನ್ನಿಸುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಣ್ಣನ ಚಿತ್ರಗಳನ್ನು ನಾನು ಬಹಳ ಕಾಲ ಸರಿಯಾಗಿ ನೋಡಲೇ ಇಲ್ಲ.

ಕೆಲಸ ಬಿಟ್ಟ ಮೇಲೆ ಅವನು ಬೆಳಿಗ್ಗೆ ರೈಲು ಹಳಿಯ ಬದಿಯಲ್ಲೇ ಹಳೆಯ ಪವರ್ ಹೌಸಿನವರೆಗೆ ನಡೆಯುತ್ತಿದ್ದ. ಅಲ್ಲೊಂದು ಮಳೆಮರ ಒಣಗಿ ನಿಂತಿತ್ತು. ಒಂದು ದಿನ ಅದರ ಕಾಂಡದಿಂದ ಅಂಗೈಯಗಲದ, ಚಕ್ಕೆಯಂಥ ಒಂದು ಅಣಬೆಯನ್ನು ಕಿತ್ತು ಪೇಪರಿನಲ್ಲಿ ಸುತ್ತಿ ಮನೆಗೆ ತಂದ. ಮೇಲೆ ಕಂದು, ಅಂಚಿಗೆ ಕೇಸರಿ, ಅಡಿಯಲ್ಲಿ ಹಾಲಿನ ಬಿಳಿ.

"ಸತ್ತ ಮರದ್ದನ್ನು ಮನೆಯೊಳಗೆ ಯಾಕೆ ತಂದೆ?" ಎಂದಳು ಅಮ್ಮ.

"ಮರ ಸತ್ತಿಲ್ಲಮ್ಮ. ಬೇರೆ ಕೆಲಸಕ್ಕೆ ಸೇರಿದೆ, ಅಷ್ಟೆ."

ತಮಾಷೆಗೆ ಹೇಳಿದನೋ ನಿಜವಾಗಿ ಹೇಳಿದನೋ ಗೊತ್ತಾಗಲಿಲ್ಲ. ಅಮ್ಮ ಮಾತ್ರ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಮರುದಿನ ಅವನು ಹಾರ್ಡ್‌ವೇರ್ ಅಂಗಡಿಯಿಂದ ಆಯಿಲ್ ಪೇಂಟಿನ ಸಣ್ಣ ಡಬ್ಬಿಗಳನ್ನೂ, ಮಾಲು ಕಟ್ಟಿ ಬಂದ ಪೆಟ್ಟಿಗೆಯ ಪ್ಲೈವುಡ್ ಹಲಗೆಯನ್ನೂ ತಂದು ಕೂತ. ಜ್ವರದ ಹದಿನೈದು ದಿನ ಆಸ್ಪತ್ರೆಯಲ್ಲಿ ಅವನಿಗೆ ಒಂದೇ ಮರ ಕಾಣುತ್ತಿತ್ತಂತೆ. ಕಣ್ಣು ಮುಚ್ಚಿದರೂ ಮರ, ತೆರೆದರೂ ಮರ. ಚಿಕ್ಕಂದಿನಲ್ಲಿ ಊರಿನ ನಾಗಬನದಲ್ಲಿ ನೋಡಿದ್ದೂ ಅದರೊಳಗೆ ಸೇರಿಕೊಂಡಿತ್ತು. ನಾಗಬನದಲ್ಲಿ ಯಾರೂ ಕತ್ತಿ ಹಾಕುವಂತಿಲ್ಲ, ಬಿದ್ದ ಕೊಂಬೆಯನ್ನೂ ಸೌದೆಗೆ ಒಯ್ಯುವಂತಿಲ್ಲ. ಅದಕ್ಕೇ ಅಲ್ಲಿ ಕೊಂಬೆಗಳು ಬಿದ್ದಲ್ಲೇ ಕೊಳೆತು, ಮೊದಲ ಮಳೆಗೆ ಅವುಗಳ ಮೈತುಂಬ ಅಣಬೆ ಏಳುತ್ತಿತ್ತು.

ಅವನ ಚಿತ್ರಗಳಲ್ಲಿ ನೆಲದ ಮೇಲಿನದಕ್ಕಿಂತ ನೆಲದೊಳಗಿನದೇ ಹೆಚ್ಚು. ಮೇಲೆ ಒಂದು ಮರ, ಅದರ ಕಾಂಡದಲ್ಲಿ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಅಣಬೆ. ಬುಡದಲ್ಲಿ ಹೆಡೆಯೆತ್ತಿದ ಕಲ್ಲುಗಳು, ಅವುಗಳಿಗೆ ಕೊಡೆ ಹಿಡಿದಂತೆ ಸಣ್ಣ ಸಣ್ಣ ಬಿಳಿ ಅಣಬೆಗಳು. ಕೆಳಗೆ ಕಪ್ಪು ಮಣ್ಣಿನಲ್ಲಿ ಬೇರಿನಿಂದ ಬೇರಿಗೆ ಹರಿಯುವ ಸಾವಿರಾರು ಬಿಳಿ ನೂಲು. ಒಂದೊಂದು ನೂಲಿನ ತುದಿಯಲ್ಲೂ ಒಂದು ದೀಪ. ಒಂದು ಹಲಗೆಯಲ್ಲಿ ಮಾತ್ರ ಮರವಿರಲಿಲ್ಲ. ಒಬ್ಬ ಗಂಡಸು ಅಂಗಾತ ಮಲಗಿದ್ದ, ಅವನ ಪಕ್ಕೆಲುಬಿನ ಸಂದಿಯಿಂದ ಕೇಸರಿ ಅಂಚಿನ ಚಕ್ಕೆಗಳು ಹೊರಗೆ ಬಂದಿದ್ದವು. ಮುಖ ನೆಮ್ಮದಿಯಾಗಿತ್ತು, ಮೈ ಪೂರ್ತಿ ನೀಲಿ. ಅದನ್ನು ನೋಡಿದ ದಿನ ನಾನು ಎದ್ದು ಬಟ್ಟೆ ಒಗೆಯಲು ಹೋದೆ.

ನಮ್ಮ ಬಿಲ್ಡಿಂಗಿನಲ್ಲಿ ನಾಲ್ಕು ಮನೆಗಳ ಪಾತ್ರೆ ತಿಕ್ಕಲು ಬರುತ್ತಿದ್ದವಳು ಬಿಜಾಪುರದ ಕಡೆಯ ಒಬ್ಬ ಹೆಂಗಸು. ಅವಳ ಗಂಡ ಶಹಾಡಿನಲ್ಲಿ ಲಾರಿಗೆ ಮಾಲು ತುಂಬುವ ಕೆಲಸಕ್ಕೆ ಹೋಗುತ್ತಿದ್ದ. ಅಮ್ಮನ ಜೊತೆ ಕನ್ನಡ ಮಾತಾಡಲು ಸಿಗುತ್ತದೆಂದು ಅವಳು ನಮ್ಮ ಹೊಸ್ತಿಲಲ್ಲಿ ಒಂದು ಗಳಿಗೆ ಕೂತು ಹೋಗುವುದಿತ್ತು. ಒಂದು ದಿನ ಒಳಗೆ ಗೋಡೆಗೆ ಆನಿಸಿಟ್ಟಿದ್ದ ಹಲಗೆ ಕಂಡು ಅಲ್ಲೇ ನಿಂತಳು.

"ಅಣ್ಣಾರ, ಈ ಬನ್ನಿ ಗಿಡಾ ಎಲ್ಲಿ ನೋಡಿದ್ರಿ?"

"ಬನ್ನಿ ಅಲ್ಲ ಅದು. ಪವರ್ ಹೌಸಿನ ಹತ್ತಿರದ ಒಣ ಮರ," ಎಂದ ಅಣ್ಣ.

"ಇರ್ಲಿ ಬಿಡ್ರಿ. ನನಗ ಬನ್ನಿ ಕಂಡದ."

ಮರುದಿನ ಕಾಗದದ ಪೊಟ್ಟಣದಲ್ಲಿ ಕುಂಕುಮ ತಂದಳು. ಅಣ್ಣ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಅವಳು ಮರದ ಬುಡಕ್ಕೆ ಬೆರಳಲ್ಲಿ ಚೂರು ಹಚ್ಚಿ, ಕೈಮುಗಿದು, ಪಾತ್ರೆ ತಿಕ್ಕಲು ಹೋದಳು. ಆ ವಾರ ಅವಳ ಚಾಳಿನ ಇನ್ನಿಬ್ಬರು ಬಂದರು, ಮುಂದಿನ ವಾರ ಮತ್ತೆ ಇಬ್ಬರು. ಅಣ್ಣ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ನನಗೆ ಏನೂ ಗೊತ್ತಿಲ್ಲ. ಜ್ವರದಲ್ಲಿ ಕಂಡದ್ದನ್ನು ಬರೆದೆ." ಅವರು ಅದಕ್ಕೂ ತಲೆಯಾಡಿಸಿ ಸುಮ್ಮನೆ ಕೂತಿರುತ್ತಿದ್ದರು.

ಒಂದು ಸಂಜೆ ನಾನು ಬಂದು ನೋಡಿದರೆ ಕೋಣೆಯ ತುಂಬ ಹೆಂಗಸರು. ಕಾಲು ಚಾಚಲು ಇದ್ದ ಒಂದೇ ಜಾಗ ಅದು. ಚಪ್ಪಲಿ ಬಿಟ್ಟು ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತೆ. ಅವರು ಹೋದ ಮೇಲೆ, "ಇದು ಮನೆಯಾ, ಗುಡಿಯಾ?" ಎಂದು ಕೇಳಿದೆ.

"ಅವರಿಗೂ ಸುಸ್ತಾಗಿರುತ್ತದೆ ಮಾರಾಯ್ತಿ. ಕೂತು ಹೋಗುತ್ತಾರೆ," ಎಂದ ಅಣ್ಣ. ಆ ಉತ್ತರ ಕೇಳಿ ನನಗೆ ಇನ್ನಷ್ಟು ಸಿಟ್ಟು ಬಂತು. ನನ್ನ ಸುಸ್ತು ಅವನಿಗೆ ಕಂಡಿರಲಿಲ್ಲವಲ್ಲ.

ಸುದ್ದಿ ಹೇಗೋ ಅಪ್ಪನ ಕಾಲದ ಪರಿಚಯದ ಒಬ್ಬ ಹೋಟೆಲು ಮಾಲೀಕರಿಗೆ ಹೋಯಿತು. ಅವರು ನವಿ ಮುಂಬಯಿಯ ವಾಶಿಯಲ್ಲಿ ಹೊಸ ವೆಜಿಟೇರಿಯನ್ ಹೋಟೆಲು ತೆರೆಯುವ ತಯಾರಿಯಲ್ಲಿದ್ದರು. ಒಂದು ಭಾನುವಾರ ಮನೆಗೆ ಬಂದು ಹಲಗೆಗಳನ್ನು ಒಂದೊಂದಾಗಿ ನೋಡಿ, "ಎಂಥದೋ ಒಂದು ಶಾಂತಿ ಉಂಟು ಮಾರಾಯ್ರೆ ಇದರಲ್ಲಿ. ನಮ್ಮ ಫ್ಯಾಮಿಲಿ ರೂಮಿನ ಗೋಡೆಗೆ ಇಂಥದ್ದೇ ಒಂದು ದೊಡ್ಡ ಮರ ಬೇಕು," ಎಂದರು.

ಅಣ್ಣ ವಾಶಿಗೆ ಹೋಗಿ ಹೋಟೆಲಿನ ಕೆಲಸದವರ ಕೋಣೆಯಲ್ಲೇ ಇಪ್ಪತ್ತು ದಿನ ಉಳಿದ. ಬೇಸಿಗೆಯಾದ್ದರಿಂದ ಕೆಮ್ಮು ಕಮ್ಮಿಯಿತ್ತು. ನಾನು ಒಮ್ಮೆ ಅವನಿಗೆ ಬಟ್ಟೆ ಕೊಡಲು ಹೋಗಿದ್ದೆ. ಏಣಿಯ ಮೇಲೆ ಕೂತು, ಬಾಯಿಗೆ ಕರ್ಚೀಫು ಕಟ್ಟಿಕೊಂಡು, ಗೋಡೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಿಳಿ ನೂಲು ಎಳೆಯುತ್ತಿದ್ದ. ಇಳಿದು ಬಂದವನೇ, "ನಿಂತು ನೋಡು, ಕೂತು ನೋಡಬೇಡ," ಎಂದ. ನಿಂತು ನೋಡಿದೆ. ಅಷ್ಟು ದೊಡ್ಡದಾಗಿ ಬರೆದಾಗ ಆ ಮರ ನಿಜವಾಗಿ ಏನೋ ಹೇಳುತ್ತಿತ್ತು. ದೀಪಗಳು ಮಣ್ಣಿನೊಳಗೆ ಉರಿಯುತ್ತಿದ್ದವು, ಅಣಬೆಗಳು ಆ ದೀಪಗಳನ್ನೇ ಮೇಲಕ್ಕೆ ಹೊತ್ತು ತಂದಂತೆ ಒಳಗಿನಿಂದ ಬೆಳಗುತ್ತಿದ್ದವು. ಅವನ ಮುಖದಲ್ಲಿ ನಾನು ಅಂಥ ಗೆಲುವು ಕಂಡದ್ದು ಅದೇ ಮೊದಲು. "ಚೆನ್ನಾಗಿದೆ" ಎಂದೆ. ಇನ್ನೂ ಹೇಳಬಹುದಿತ್ತು, ಆದರೆ ಬಸ್ಸಿಗೆ ಹೊತ್ತಾಗಿತ್ತು.

ಹೋಟೆಲು ಶುರುವಾಗಿ ತಿಂಗಳಾಗಿರಬಹುದು, ಮಾಲೀಕರು ನನ್ನ ಆಫೀಸಿಗೆ ಫೋನು ಮಾಡಿದರು. ದನಿಯಲ್ಲಿ ಸಂಕೋಚವಿತ್ತು.

"ಎಂತ ಮಾಡುದು ಹೇಳಿ, ಗಿರಾಕಿಗಳು ಕೇಳ್ತಾರೆ. ಇಲ್ಲಿ ಅಣಬೆ ಮಾಡ್ತೀರಾ ಅಂತ. ಮೊನ್ನೆ ಒಬ್ರು ಅಜ್ಜಿ ದೋಸೆ ಅರ್ಧಕ್ಕೆ ಬಿಟ್ಟು ಎದ್ದರು. ನಮ್ಮಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರೂ ಬರ್ತಾರಲ್ಲ. ಅವರ ಕಣ್ಣಿಗೆ ಅದು ಕೊಳೆತದ್ದು, ಅಶುದ್ಧ. ಮರ ಹಾಗೇ ಇರ್ಲಿ. ಅಣಬೆ ಇದ್ದಲ್ಲಿ ತಾವರೆ ಮಾಡಿಬಿಟ್ಟರೆ ಚಂದ ಕಾಣ್ತದೆ. ನೀವೇ ಅಣ್ಣನಿಗೆ ಸ್ವಲ್ಪ ಹೇಳಿ."

ಸಂಜೆ ಹೇಳಿದೆ. ಅಣ್ಣ ಎದ್ದು ಕುಂಚಗಳನ್ನು ಒಂದೊಂದಾಗಿ ಒರೆಸಿಟ್ಟ. ಕೊನೆಗೆ, "ಆಯ್ತು. ಅವರ ಗೋಡೆ," ಎಂದ.

ಮಳೆ ಹಿಡಿದಿತ್ತು, ಅವನ ಕೆಮ್ಮು ವಾಪಸ್ಸಾಗಿತ್ತು. ಒಬ್ಬನನ್ನೇ ಕಳಿಸಲು ಮನಸ್ಸಾಗದೆ ಭಾನುವಾರ ನಾನೂ ಹೊರಟೆ. ಶಿಳ್‌ಫಾಟಾ ಕೂಡುರಸ್ತೆ ದಾಟುವ ಬಸ್ಸಿನಲ್ಲಿ ಎರಡು ಗಂಟೆ. ಹೋಟೆಲಿನಲ್ಲಿ ಊಟದ ಗಡಿಬಿಡಿ ಮುಗಿದ ಮೇಲೆ ಫ್ಯಾಮಿಲಿ ರೂಮಿನ ಬಾಗಿಲು ಹಾಕಿ ಕೊಟ್ಟರು. ಅಣ್ಣ ಮೇಜಿನ ಮೇಲೆ ಹತ್ತಿ, ಕುಂಚಕ್ಕೆ ಗುಲಾಬಿ ಬಣ್ಣ ತೆಗೆದುಕೊಂಡು, ಮೊದಲ ಅಣಬೆಯ ಎದುರು ಕೈ ಎತ್ತಿದ. ಎತ್ತಿದ ಕೈ ಹಾಗೇ ಇತ್ತು. ಕೆಮ್ಮು ಬಂತು, ಇಳಿದು ಕೂತ. ಮತ್ತೆ ಹತ್ತಿದ, ಮತ್ತೆ ಇಳಿದ. ಮೂರನೆಯ ಸಲ ಕುಂಚವನ್ನು ನನ್ನ ಕಡೆ ಚಾಚಿ, "ನನಗಾಗುವುದಿಲ್ಲ. ನೀನು ಮಾಡು," ಎಂದ.

"ನನಗೆ ಬರುವುದಿಲ್ಲ."

"ರಂಗೋಲಿ ಹಾಕುತ್ತೀಯಲ್ಲ. ಅಷ್ಟೇ. ಐದು ಎಸಳು, ಮೇಲೆ ಮೂರು."

ನಾನು ಮೇಜು ಹತ್ತಿದೆ. ಬೇಡ ಅನ್ನಬಹುದಿತ್ತು. ಇದು ಬೇಡ, ಮನೆಗೆ ಹೋಗೋಣ ಎಂದು ಅವನ ಕೈ ಹಿಡಿದು ಕರೆದುಕೊಂಡು ಬರಬಹುದಿತ್ತು. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಬೇಗ ಮುಗಿದರೆ ಬೇಗ ಮನೆ ಸೇರಬಹುದು, ನಾಳೆ ಸೋಮವಾರ. ಒಟ್ಟು ನಲವತ್ತಮೂರು ಅಣಬೆ ಇದ್ದವು. ಟೈಪು ಮಾಡಿದ ಹಾಗೆ ಒಂದೊಂದನ್ನೂ ಮುಚ್ಚುತ್ತಾ ಹೋದೆ. ಅಣ್ಣ ಕುರ್ಚಿಯಲ್ಲಿ ಕೂತು ಕೆಮ್ಮಿನ ನಡುವೆ ಹೇಳುತ್ತಿದ್ದ: "ಗುಲಾಬಿಗೆ ಸ್ವಲ್ಪ ಬಿಳಿ ಸೇರಿಸು. ಅಂಚು ಗಟ್ಟಿ ಬೇಡ. ಹಾಂ, ಈಗ ಸರಿ." ಹತ್ತು ಹೂವಿನ ಹೊತ್ತಿಗೆ ನನ್ನ ಕೈ ಕುದುರಿತು. ಇಪ್ಪತ್ತರ ಹೊತ್ತಿಗೆ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು ಎಂಬುದನ್ನೂ ಮುಚ್ಚಿಡಬಾರದು.

ಮಾಲೀಕರು ಬಂದು ನೋಡಿ, ನಿರಾಳವಾಗಿ ಉಸಿರು ಬಿಟ್ಟು, ನಮ್ಮಿಬ್ಬರಿಗೂ ಎಲೆ ಹಾಕಿಸಿದರು. ಅಣ್ಣ ಎರಡು ಸಲ ಸಾರು ಹಾಕಿಸಿಕೊಂಡು ಉಂಡ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, "ನಿನ್ನ ಕೈ ನೆಟ್ಟಗಿದೆ," ಎಂದ. ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ಅವನು ಚಿತ್ರ ಬರೆಯಲಿಲ್ಲ. ಮಳೆಗಾಲ ಮುಗಿಯಿತು, ದೀಪಾವಳಿಯೂ ಆಯಿತು. ನಾನು ಫೋರ್ಟಿನಿಂದ ಒಳ್ಳೆಯ ಕುಂಚ, ಟ್ಯೂಬಿನ ಬಣ್ಣ ತಂದು ಕೊಟ್ಟೆ. ಅವು ಕಿಟಕಿಯ ಕಟ್ಟೆಯ ಮೇಲೆ ಬಿಚ್ಚದೆ ಕೂತವು. ಒಂದು ಭಾನುವಾರ ತಡೆಯಲಾಗದೆ ಕೇಳಿದೆ: "ನನ್ನ ಮೇಲೆ ಸಿಟ್ಟಾ?"

"ಸಿಟ್ಟು ಯಾಕೆ?"

"ನಾನು ಆವತ್ತು ಬೇಡ ಅನ್ನಬೇಕಿತ್ತು."

"ಹೂಂ ಅಂದವನು ನಾನು. ನಿನ್ನದು ಬರೀ ಕೈ." ಟ್ಯೂಬುಗಳನ್ನು ಪಕ್ಕಕ್ಕೆ ಸರಿಸಿ ಹೇಳಿದ, "ಈಗ ಕಣ್ಣು ಮುಚ್ಚಿದರೆ ಮರ ಬರುವುದಿಲ್ಲ. ಅದಕ್ಕೆ ಬರೆಯುತ್ತಿಲ್ಲ. ಅದಕ್ಕೂ ನಿನಗೂ ಸಂಬಂಧ ಇಲ್ಲ."

ಸಂಬಂಧ ಇಲ್ಲವೆಂದು ನಾನು ಹೇಗೆ ನಂಬಲಿ.

ಆ ಚಳಿಗಾಲದಲ್ಲೇ ಬಿಜಾಪುರದವಳ ಗಂಡನಿಗೆ ಪನ್ವೇಲಿನ ಆಚೆ ಕಟ್ಟಡದ ಕೆಲಸ ಸಿಕ್ಕಿತು. ಮನೆ ಖಾಲಿ ಮಾಡುವ ದಿನ ಅವಳು ಬಂದು, ಅಮ್ಮನ ಹತ್ತಿರ ಮಾತಾಡಿ, ಕೊನೆಗೆ ಅಣ್ಣನೆದುರು ನಿಂತಳು.

"ಅಣ್ಣಾರ, ಗಿಡಾ ನಾ ಒಯ್ಲೇನ್ರಿ? ಅಲ್ಲಿ ನನಗ ಯಾರೂ ಗುರ್ತಿಲ್ಲ."

ಅಣ್ಣ ಎದ್ದು ಹಲಗೆಯನ್ನು ತಾನೇ ಎತ್ತಿ ಕೊಟ್ಟ. ಅವಳು ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ತಲೆಯ ಮೇಲಿಟ್ಟುಕೊಂಡು, ಸ್ಟೇಷನ್ನಿನ ಕಡೆ ನಡೆದಳು. ಕುಂಕುಮ ಹಚ್ಚಿದ್ದು, ಈಗ ಹಲಗೆ ಕೇಳಿದ್ದು ಬಿಟ್ಟರೆ ಅವಳು ಅವನಿಂದ ಬೇರೇನೂ ಬಯಸಿದವಳಲ್ಲ, ಅದನ್ನು ತಿದ್ದು ಎಂದವಳೂ ಅಲ್ಲ.

ಹಲಗೆ ಹೋದ ಜಾಗದಲ್ಲಿ ಗೋಡೆಯ ತೇವದ ಕಲೆ ಬಯಲಾಯಿತು. ಬಂದವರ ಕಣ್ಣಿಗೆ ಅದು ಬೀಳುತ್ತದೆಂದು ಅಮ್ಮ ದಿನವೂ ಗೊಣಗತೊಡಗಿದಳು. "ಏನಾದರೂ ಬರೆದು ಹಾಕು ಮಗ ಅಲ್ಲಿ, ನೋಡಲಾಗುವುದಿಲ್ಲ." ಅಣ್ಣ ಎಂಟು ದಿನ ಕೇಳಿಸಿಕೊಂಡ. ಒಂಬತ್ತನೆಯ ದಿನ ನಾನು ಆಫೀಸಿನಿಂದ ಬರುವಾಗ ಕೋಣೆಯಲ್ಲಿ ಟರ್ಪೆಂಟೈನಿನ ವಾಸನೆ. ಹೊಸ ಹಲಗೆಯ ಮೇಲೆ ಮರದ ಬರಿಯ ಗೆರೆ ಇತ್ತು. ನಾನು ಕೈಕಾಲು ತೊಳೆಯಲು ಹೋದೆ.

ಅವನ ಕೈಯಲ್ಲಿ ಮೊದಲಿನ ಬಲವಿರಲಿಲ್ಲ. ಅಗಲವಾದ ಜಾಗ ತುಂಬುವಾಗ ಉಸಿರು ಕಟ್ಟುತ್ತಿತ್ತು. "ಮಣ್ಣು ನೀನು ಹಚ್ಚು," ಎಂದ. ಹಾಗೆ ಭಾನುವಾರಗಳಲ್ಲಿ ನಾವಿಬ್ಬರೂ ಕೂತೆವು. ಕಪ್ಪು, ಕಂದು, ಸ್ವಲ್ಪ ಕೆಂಪು ಕಲಸಿ ನಾನು ಮಣ್ಣು ಹಚ್ಚುತ್ತಿದ್ದೆ, ಒಣಗಿದ ಮೇಲೆ ಅವನು ಅದರಲ್ಲಿ ನೂಲು ಎಳೆದು ದೀಪ ಇಡುತ್ತಿದ್ದ. ಅಣಬೆಗಳನ್ನು ನಾನು ಮುಟ್ಟಲಿಲ್ಲ, ಅವನೂ ಮುಟ್ಟು ಎನ್ನಲಿಲ್ಲ. ಎಷ್ಟೋ ಸಲ ಕುಂಚ ಹಿಡಿದಲ್ಲೇ ನನಗೆ ತೂಕಡಿಕೆ ಬರುತ್ತಿತ್ತು. ಆಗ ಅವನು ಎಬ್ಬಿಸುತ್ತಿರಲಿಲ್ಲ, ಕೈಯಿಂದ ಕುಂಚ ಮೆಲ್ಲನೆ ತೆಗೆದಿಡುತ್ತಿದ್ದ. ಹೀಗೆ ಮೂರು ವರ್ಷ ನಡೆಯಿತು. ನಾಲ್ಕನೆಯ ಮಳೆಗಾಲದಲ್ಲಿ ಅವನು ತೀರಿಕೊಂಡ, ಅದೇ ಕಲ್ಯಾಣದ ಆಸ್ಪತ್ರೆಯಲ್ಲಿ, ಒಂದು ಮಧ್ಯಾಹ್ನ. ಅಮ್ಮ ಅವನ ಕಾಲು ಒತ್ತುತ್ತಿದ್ದಳು, ನಾನು ಕೆಳಗೆ ಔಷಧಿಯ ಅಂಗಡಿಯಲ್ಲಿದ್ದೆ.

ಹನ್ನೊಂದು ಹಲಗೆಗಳು ನನ್ನ ಹತ್ತಿರ ಉಳಿದವು. ಠಾಕುರ್ಲಿಯ ಮನೆ ಬಿಟ್ಟು ಡೊಂಬಿವಲಿಯ ಮೂರನೆಯ ಮಹಡಿಗೆ ಬರುವಾಗ ಅವುಗಳನ್ನು ಚಾದರದಲ್ಲಿ ಸುತ್ತಿ ಟೆಂಪೋದಲ್ಲಿ ನಾನೇ ಹಿಡಿದುಕೊಂಡು ಕೂತೆ. ನೋಡಿದವರು ಪ್ರದರ್ಶನ ಮಾಡಿ ಎನ್ನುತ್ತಾರೆ. ಹೂಂ ಎನ್ನುತ್ತೇನೆ. ನಿಜ ಹೇಳಬೇಕೆಂದರೆ ಅಷ್ಟು ಓಡಾಡುವ ಶಕ್ತಿ ನನ್ನಲ್ಲಿ ಇಲ್ಲ. ಮಳೆಗಾಲ ಮುಗಿದ ಕೂಡಲೇ ಒಂದು ರಜೆಯ ದಿನ ಅವುಗಳನ್ನು ಬಾಲ್ಕನಿಯ ಬಿಸಿಲಿಗೆ ಸಾಲಾಗಿ ನಿಲ್ಲಿಸಿ, ಒಣ ಬಟ್ಟೆಯಿಂದ ಒಂದೊಂದನ್ನೂ ಒರೆಸುತ್ತೇನೆ. ಎದುರು ಬಿಲ್ಡಿಂಗಿನ ಮುದುಕಿಯೊಬ್ಬಳು ಮರಾಠಿಯಲ್ಲಿ, ಯಾರು ಬರೆದದ್ದು ಎಂದು ಕೂಗಿ ಕೇಳಿದಳು, ಕಳೆದ ಸಲ.

"ಅಣ್ಣ," ಎಂದೆ. ಆಮೇಲೆ, "ಮಣ್ಣು ನಾನು," ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ಒಳಗೆ ಹೋಗದೆ ಬಟ್ಟೆ ಹರವುತ್ತಾ ನೋಡುತ್ತಿದ್ದಳು.